ಬಟ್ಟೆಗೂ ಬಿದ್ದ ಕತ್ತರಿ

ಕಪ್ಪು-ಬಿಳುಪಿನ ಹಳೆಯ ಸಿನಿಮಾ ಎಂದರೆ ಮನೆಮಂದಿಯೆಲ್ಲ ಮುಜುಗರವಿಲ್ಲದೆ ನೋಡಬಹುದು ಎಂದು ನಂಬಿದ್ದವಳು ನಾನು. ಒಂದು ಶನಿವಾರ ಕಾಲೇಜಿಗೆ ಹೋಗುವ ಮಗಳ ಜೊತೆ ಕೂತು 1934ರ ‘ಟಾರ್ಜನ್ ಅಂಡ್ ಹಿಸ್ ಮೇಟ್’ ನೋಡಿದೆ. ಜೇನ್ ಪಾತ್ರದ ಮೌರೀನ್ ಓಸಲಿವನ್ ತೊಟ್ಟಿದ್ದು ಎರಡೇ ತುಂಡು. ನಾನು ರಿಮೋಟ್ ಹುಡುಕಿದೆ. ಮಗಳು ನಕ್ಕಳು: “ಅಮ್ಮಾ, ಇದು ಅಜ್ಜಿ ಕಾಲದ್ದಾ?”

ಅದು ಹೇಗೆ ಸಾಧ್ಯವಾಯಿತು? 1930ರಲ್ಲೇ ಹಾಲಿವುಡ್ ‘ಹೇಸ್ ಕೋಡ್’ ಎಂಬ ನೀತಿಸಂಹಿತೆಯನ್ನು ಒಪ್ಪಿಕೊಂಡಿತ್ತು. ಅದರಲ್ಲಿ ಉಡುಪಿಗೆಂದೇ ಒಂದು ಭಾಗವಿತ್ತು. ಆದರೆ ನಾಲ್ಕು ವರ್ಷ ಅದನ್ನು ಯಾರೂ ಅಷ್ಟಾಗಿ ಲೆಕ್ಕಿಸಲಿಲ್ಲ. ಆರ್ಥಿಕ ಕುಸಿತದ ಕಾಲ, ಟಿಕೆಟ್ ಮಾರಾಟವಾಗಬೇಕಿತ್ತು. 1932ರ ‘ದಿ ಸೈನ್ ಆಫ್ ದಿ ಕ್ರಾಸ್’ನಲ್ಲಿ ಕ್ಲಾಡೆಟ್ ಕೋಲ್ಬರ್ಟ್ ಹಾಲಿನ ಕೊಳದಲ್ಲಿ ಮಿಂದಳು. 1933ರ ‘ಡಿನ್ನರ್ ಅಟ್ ಎಯ್ಟ್’ನಲ್ಲಿ ಜೀನ್ ಹಾರ್ಲೋಗೆ ವಸ್ತ್ರವಿನ್ಯಾಸಕ ಏಡ್ರಿಯನ್ ಬಿಳಿ ಸ್ಯಾಟಿನ್ ಗೌನು ಮಾಡಿಕೊಟ್ಟ. ಬಟ್ಟೆಯನ್ನು ಓರೆಯಾಗಿ ಕತ್ತರಿಸಿದರೆ ಅದು ಮೈಗೆ ಅಂಟಿಕೊಂಡು ಇಳಿಯುತ್ತದೆ. ನಮ್ಮ ಬ್ಲೌಸ್ ಹೊಲಿಯುವವರು ‘ಕ್ರಾಸ್ ಕಟ್’ ಎನ್ನುತ್ತಾರಲ್ಲ, ಅದೇ ಉಪಾಯ!

ನನ್ನ ಮಟ್ಟಿಗೆ ಎಲ್ಲಕ್ಕಿಂತ ದಿಟ್ಟ ಉಡುಪು ಮೈಯನ್ನು ಪೂರ್ತಿ ಮುಚ್ಚಿತ್ತು. 1930ರ ‘ಮೊರಾಕೊ’ದಲ್ಲಿ ಮಾರ್ಲೀನ್ ಡೀಟ್ರಿಚ್ ಗಂಡಸರ ಕೋಟು, ಪ್ಯಾಂಟು, ಎತ್ತರದ ಟೋಪಿ ತೊಟ್ಟು ಹಾಡಿದಳು, ಹಾಡು ಮುಗಿಸಿ ಪ್ರೇಕ್ಷಕರ ನಡುವಿದ್ದ ಹೆಂಗಸೊಬ್ಬಳಿಗೆ ಮುತ್ತಿಟ್ಟಳು. ತೆರೆಯಾಚೆಗೂ ಆಕೆ ಪ್ಯಾಂಟು ಹಾಕುತ್ತಿದ್ದಳು.

ಕ್ಯಾಥೊಲಿಕ್ ಸಂಘಟನೆಗಳು ಬಹಿಷ್ಕಾರದ ಬೆದರಿಕೆ ಹಾಕಿದ ಮೇಲೆ, 1934ರ ಜುಲೈಯಿಂದ ಜೋಸೆಫ್ ಬ್ರೀನ್ ಎಂಬಾತನ ಕಚೇರಿಯ ಮುದ್ರೆಯಿಲ್ಲದೆ ದೊಡ್ಡ ಸ್ಟುಡಿಯೊಗಳ ಚಿತ್ರ ಬಿಡುಗಡೆಯಾಗುವಂತಿರಲಿಲ್ಲ. 1936ರ ಟಾರ್ಜನ್ ಚಿತ್ರದಲ್ಲಿ ಜೇನ್ ಮೊದಲಿಗಿಂತ ಹೆಚ್ಚು ಮೈಮುಚ್ಚುವ ಬಟ್ಟೆ ತೊಟ್ಟಳು. ಕಾರ್ಟೂನಿನ ಬೆಟ್ಟಿ ಬೂಪ್‌ಳ ಲಂಗವೂ ಉದ್ದವಾಯಿತು! ಲಂಗದ ಜೊತೆ ಕತೆಯೂ ಬದಲಾಯಿತು: ತಪ್ಪಿ ನಡೆದ ಹೆಣ್ಣು ಕೊನೆಗೆ ಶಿಕ್ಷೆ ಅನುಭವಿಸಲೇಬೇಕಾಯಿತು.

ಹಾಗೆಂದು ಮೊದಲಿನದ್ದೆಲ್ಲ ಸ್ವಾತಂತ್ರ್ಯವೆಂದು ನಾನು ಹೇಳಲಾರೆ. ಬಿಚ್ಚಿಸಿದವರೂ ಗಂಡಸರೇ, ಮುಚ್ಚಿಸಿದವರೂ ಗಂಡಸರೇ. ತೊಡುವವಳನ್ನು ಕೇಳಿದವರು ಎಷ್ಟು ಮಂದಿ?

ಮರುದಿನ ಮಗಳು ಹೊರಗೆ ಹೊರಟಾಗ “ಇದೇನೇ ಇಷ್ಟು ಗಿಡ್ಡ?” ಎನ್ನಲು ಬಾಯಿ ತೆರೆದೆ. ಬ್ರೀನ್ ನೆನಪಾದ. “ಚಳಿ ಇದೆ, ಸ್ವೆಟರ್ ತಗೊಂಡು ಹೋಗು” ಎಂದೆನಷ್ಟೆ.