ಗಿಲೀಟಿನಿಂದ ಸೊಂಟದ ಕೀಲಿನವರೆಗೆ

‘ಅಜ್ಜಿಗೆ ಸೊಂಟದ ಕೀಲು ಬದಲಾಯಿಸಿದ್ದಾರೆ’ ಅನ್ನುವ ಮಾತು ಈಗ ನಮ್ಮ ಹಳ್ಳಿಗಳಲ್ಲೂ ಕೇಳುತ್ತದೆ. ಒಳಗಿಟ್ಟ ಲೋಹ ಮೂಳೆಗೆ ಕಚ್ಚಿಕೊಳ್ಳದೆ ಸಡಿಲವಾದರೆ ಮತ್ತೆ ನೋವು, ಮತ್ತೆ ಆಪರೇಷನ್, ಮತ್ತೆ ಸಾಲ. ಹಾಗಾದರೆ ಅದು ಕಚ್ಚಿಕೊಳ್ಳುವುದು ಹೇಗೆ?

ಈ ಕತೆಯ ಒಂದು ಬೇರು ಗಿಲೀಟಿನಲ್ಲಿದೆ. 1805ರಲ್ಲಿ ಇಟಲಿಯ ಬ್ರುನ್ಯಾಟೆಲ್ಲಿ ಎಂಬವರು, ಗೆಳೆಯ ವೋಲ್ಟಾ ಕಂಡುಹಿಡಿದ ಬ್ಯಾಟರಿಯಿಂದ ಕರೆಂಟು ಹರಿಸಿ ಬೆಳ್ಳಿ ಪದಕಗಳಿಗೆ ಚಿನ್ನದ ಲೇಪ ಕೂರಿಸಿದರು. 1840ರಲ್ಲಿ ಇಂಗ್ಲೆಂಡಿನ ಎಲ್ಕಿಂಗ್ಟನ್‌ಗಳು ಪೇಟೆಂಟ್ ಪಡೆದ ಮೇಲೆ ಅದು ದೊಡ್ಡ ವ್ಯಾಪಾರವಾಯಿತು.

ಇನ್ನೊಂದು ಬೇರು ಮೊಲದ ಕಾಲಲ್ಲಿದೆ! 1950ರ ದಶಕದಲ್ಲಿ ಸ್ವೀಡನ್ನಿನ ಬ್ರೊನೆಮಾರ್ಕ್, ರಕ್ತ ಹರಿಯುವುದನ್ನು ನೋಡಲು ಮೊಲದ ಮೂಳೆಯೊಳಗೆ ಟೈಟಾನಿಯಂ ಉಪಕರಣ ಕೂರಿಸಿದ್ದರು. ಕೆಲಸ ಮುಗಿದ ಮೇಲೆ ತೆಗೆಯಹೋದರೆ ಬರಲೇ ಇಲ್ಲ. ಮೂಳೆ ಅದಕ್ಕೆ ಅಂಟಿಕೊಂಡು ಬೆಳೆದಿತ್ತು. 1965ರಲ್ಲಿ ಅವರು ಮನುಷ್ಯರ ದವಡೆಗೆ ಟೈಟಾನಿಯಂ ಸ್ಕ್ರೂ ಹಾಕಿ ಅದರ ಮೇಲೆ ಹಲ್ಲು ಕೂರಿಸಿದರು.

ಆದರೆ ಬರೀ ಲೋಹಕ್ಕಿಂತ, ಮೂಳೆಯಲ್ಲಿರುವಂಥದ್ದೇ ಖನಿಜದ ಲೇಪವಿದ್ದರೆ ಮೂಳೆ ಬೇಗ ಹತ್ತಿರ ಬರುತ್ತದೆ. ಆ ಖನಿಜ ಕ್ಯಾಲ್ಸಿಯಂ, ಫಾಸ್ಫೇಟ್ ಸೇರಿದ ಹೈಡ್ರಾಕ್ಸಿಅಪಟೈಟ್. 1980ರ ದಶಕದಲ್ಲಿ ಅದನ್ನು ಸಾವಿರಾರು ಡಿಗ್ರಿ ಬಿಸಿಯಲ್ಲಿ ಕೀಲಿನ ಮೇಲೆ ಸಿಡಿಸಿ ಹಚ್ಚತೊಡಗಿದರು. ಆ ಬಿಸಿಗೆ ಖನಿಜದ ಗುಣವೇ ಸ್ವಲ್ಪ ಬದಲಾಗುತ್ತಿತ್ತು. ಸಂದುಗೊಂದಿಗೆ ಲೇಪ ತಲುಪುತ್ತಿರಲಿಲ್ಲ.

ಆಗ ಗಿಲೀಟಿನ ದಾರಿ ನೆನಪಾಯಿತು. 1991ರಲ್ಲಿ ಕೆನಡಾದ ಶಿರ್ಖಾನ್‌ಜಾದೆ, ಕರೆಂಟಿನಿಂದ ಈ ಲೇಪ ಹಚ್ಚುವ ವಿಧಾನ ಪ್ರಕಟಿಸಿದರು. ಕ್ಯಾಲ್ಸಿಯಂ, ಫಾಸ್ಫೇಟ್ ಕರಗಿಸಿದ ನೀರಲ್ಲಿ ಕೀಲನ್ನು ಮುಳುಗಿಸಿ ಋಣ ತುದಿಗೆ ಸೇರಿಸಬೇಕು. ಕರೆಂಟು ಹರಿದಾಗ ಲೋಹದ ಪಕ್ಕದ ನೀರಲ್ಲಿ ಕ್ಷಾರ ಹೆಚ್ಚುತ್ತದೆ. ಕ್ಷಾರದಲ್ಲಿ ಖನಿಜ ಕರಗಿರಲಾರದು, ಲೋಹದ ಮೇಲೇ ಕೂರುತ್ತದೆ. ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆಗೆ ಬಿಳಿ ಪೊರೆ ಕಟ್ಟುತ್ತದಲ್ಲ, ಹೆಚ್ಚುಕಡಿಮೆ ಹಾಗೆಯೇ.

ತೊಡಕೂ ಇದೆ. ಆಗ ಏಳುವ ಹೈಡ್ರೋಜನ್ ಗುಳ್ಳೆಗಳು ಲೇಪದಲ್ಲಿ ತೂತು ಬಿಡುತ್ತವೆ. ಅದಕ್ಕೇ ಕರೆಂಟನ್ನು ಬಿಟ್ಟು ಬಿಟ್ಟು ಹರಿಸಿ, ನಡುವೆ ಗುಳ್ಳೆ ಹೋಗಲು ಸಮಯ ಕೊಡುವುದುಂಟು.

ಲೋಹವನ್ನು ಧನ ತುದಿಗೆ ಸೇರಿಸಿದರೆ ಬೇರೆಯೇ ಆಟ: ಟೈಟಾನಿಯಂನ ಮೇಲಿರುವ ಆಕ್ಸೈಡ್ ಪೊರೆ ದಪ್ಪವಾಗುತ್ತದೆ. ನೀಲಿ, ನೇರಳೆ, ಹೊಂಬಣ್ಣದ ಸ್ಕ್ರೂಗಳು ಆಗುವುದು ಹೀಗೆ. ಅದಕ್ಕೆ ಯಾವ ಪೇಂಟೂ ಇಲ್ಲ, ಪೊರೆಯ ದಪ್ಪಕ್ಕೆ ತಕ್ಕಂತೆ ಬಣ್ಣ.

ಅಂದಹಾಗೆ, ಮುರಿದ ಕಾಲಿಗೆ ಹಾಕಿ ಆಮೇಲೆ ತೆಗೆಯುವ ರಾಡಿಗೆ ಮೂಳೆ ಅಂಟಿಸುವ ಈ ಖನಿಜದ ಲೇಪ ಬೇಡ. ಮೂಳೆ ಬಿಗಿಯಾಗಿ ಅಂಟಿಕೊಂಡರೆ ತೆಗೆಯುವುದೇ ಕಷ್ಟ, ಆ ಮೊಲದ ಕಾಲಲ್ಲಿ ಆದ ಹಾಗೆ.