ತಾರದಿಂದ ನಾಲ್ಕು ಜೋಡಿಯವರೆಗೆ

ನಮ್ಮ ಸೀಮೆಯ ಹಿರಿಯರು ತಂತಿವಾರ್ತೆಯನ್ನು ನೆರೆಯ ಮರಾಠಿಯಿಂದ ಬಂದ ‘ತಾರ’ ಎಂಬ ಶಬ್ದದಿಂದಲೇ ಕರೆಯುತ್ತಿದ್ದರು. ಚಿಕ್ಕೋಡಿಯ ಓಣಿಯಲ್ಲಿ ಒಬ್ಬರ ಮನೆಗೆ ತಾರ ಬಂದಿತೆಂದರೆ, ಅದನ್ನು ಒಡೆದು ಓದುವ ಮೊದಲೇ ನೆರೆಹೊರೆಯವರು ಆ ಮನೆಯ ಕಟ್ಟೆಯಲ್ಲಿ ನೆರೆಯುತ್ತಿದ್ದರು. ಭಾರತದಲ್ಲಿ ತಂತಿಸೇವೆ ಸಾರ್ವಜನಿಕರಿಗೆ ದೊರೆತದ್ದು 1854ರಲ್ಲಿ. ಮುಂದೆ ಮೀರಜಿನಿಂದ ಲೋಂಡಾದತ್ತ ರೈಲುಮಾರ್ಗ ಬಂದಾಗ, ಕಾಗವಾಡದ ಬಳಿಯ ಶೇಡಬಾಳದಿಂದ ಕುಡಚಿ, ರಾಯಬಾಗಗಳವರೆಗೆ ಹಳಿಯ ಬದಿಯಲ್ಲಿ ತಾರದ ಕಂಬಗಳೂ ಸಾಲಾಗಿ ನಿಂತವು. ಆ ಕಾಲದ ತಾರವೆಂದರೆ ಕಬ್ಬಿಣದ ಒಂಟಿ ತಂತಿ. ವಿದ್ಯುತ್ತು ಹಿಂದಿರುಗುವುದಕ್ಕೆ ಭೂಮಿಯೇ ಸಾಕಾಗುತ್ತಿತ್ತು.

ದೂರವಾಣಿಗೆ ಒಂಟಿ ತಂತಿ ಒಗ್ಗಲಿಲ್ಲ. ನೆರೆಯ ತಂತಿಗಳ ಗದ್ದಲವೆಲ್ಲ ಅದರೊಳಗೆ ಹೊಕ್ಕು ಮಾತನ್ನು ಕೆಡಿಸುತ್ತಿದ್ದುದರಿಂದ, ಎರಡು ತಂತಿಗಳನ್ನು ಹಗ್ಗದಂತೆ ಹೊಸೆದು ಜೋಡಿಮಾಡುವ ಉಪಾಯಕ್ಕೆ ಅಲೆಕ್ಸಾಂಡರ್ ಗ್ರಹಾಂ ಬೆಲ್ 1881ರಲ್ಲಿ ಪೇಟೆಂಟ್ ಪಡೆದನು. ಹೊಸೆದ ಎರಡೆಳೆಗಳ ಮೇಲೂ ಹೊರಗಿನ ಗದ್ದಲ ಸಮನಾಗಿ ಬೀಳುವುದರಿಂದ ಅದು ತನ್ನನ್ನು ತಾನೇ ಕಳೆದುಕೊಳ್ಳುತ್ತದೆ. ಆ ಹೊಸೆತ ಬಿಚ್ಚಿದೆಡೆಯಲ್ಲಿ ರಕ್ಷಣೆಯೂ ತಪ್ಪುತ್ತದೆ.

ಆದರೂ ನಿಪ್ಪಾಣಿಯ ತಂಬಾಕಿನ ವ್ಯಾಪಾರಿ ಪರವೂರಿನ ಧಾರಣೆಯನ್ನು ತಿಳಿಯಲು ಬಹುಕಾಲ ಟ್ರಂಕ್ ಕಾಲ್ ಬುಕ್ ಮಾಡಿ ಕಾಯಬೇಕಾಗಿತ್ತು. ಧೂಳು ಸೆಕೆಗಳನ್ನು ತಾಳಿ, ಹವಾನಿಯಂತ್ರಣದ ಹಂಗಿಲ್ಲದೆ ನಡೆಯುವಂತೆ ಸಿ-ಡಾಟ್ ಸಂಸ್ಥೆ ನಿರ್ಮಿಸಿದ 128 ಲೈನುಗಳ ಗ್ರಾಮೀಣ ಸ್ವಯಂಚಾಲಿತ ವಿನಿಮಯ ಕೇಂದ್ರ ದೇಶದಲ್ಲೇ ಮೊದಲು ನೆಲೆಗೊಂಡದ್ದು ನಮ್ಮ ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ, 1986ರಲ್ಲಿ. ಚೆನ್ನಮ್ಮನ ಕೋಟೆಯನ್ನು ಕಾಣಹೋಗುವವರಿಗೆ ಈ ಸಂಗತಿಯನ್ನೂ ಯಾರಾದರೂ ಹೇಳಬೇಕೆಂದು ನನ್ನ ಆಸೆ.

2005ರಲ್ಲಿ ಬಿಎಸ್ಎನ್ಎಲ್ ಬ್ರಾಡ್‌ಬ್ಯಾಂಡ್ ತಂದಾಗ ಅಂತರ್ಜಾಲವೂ ಅದೇ ತಾಮ್ರದ ಜೋಡಿಯನ್ನೇ ಆಶ್ರಯಿಸಿತು. ಮಾತಿಗೆ ನಾಲ್ಕು ಕಿಲೋಹರ್ಟ್ಸ್‌ವರೆಗಿನ ಕಂಪನವಿದ್ದರೆ ಸಾಕು. ಅಂತರ್ಜಾಲವಾದರೋ ಅದಕ್ಕೂ ಬಹು ಮೇಲಿನ ಕಂಪನಗಳಲ್ಲಿ ಸಂಚರಿಸುವಂಥದು, ಆ ಕಂಪನಗಳು ದೂರ ಹೋದಷ್ಟೂ, ಕೆಟ್ಟ ಬೆಸುಗೆಯನ್ನು ದಾಟಿದಷ್ಟೂ ಬೇಗನೆ ಕ್ಷೀಣಿಸುವಂಥವು. ಇಂತಾಗಿ, ಮಳೆಗಾಲದಲ್ಲಿ ಕೊಂಚ ಕರಕರ ಎನ್ನುತ್ತಿದ್ದರೂ ಮಾತಿಗೆ ಸಾಲುತ್ತಿದ್ದ ಹಳೆಯ ಗಂಟುಗಳು, ಊರಾಚೆಯ ತೋಟದ ಮನೆಗಳಲ್ಲಿ ಅಂತರ್ಜಾಲವನ್ನು ಅಡಿಗಡಿಗೆ ನಿಲ್ಲಿಸಿದವು.

ಈಗ ಗಾಜಿನೆಳೆ ಮನೆಬಾಗಿಲಿಗೇ ಬಂದಿದೆ. ಬಾಗಿಲಿನಿಂದ ಒಳಗೆ ಮಾತ್ರ ಇನ್ನೂ ತಾಮ್ರದ್ದೇ ಆಳಿಕೆ. ನಮ್ಮ ಮನೆಯಲ್ಲಿ ಕೆಳಗೆ ಮುನ್ನೂರು ಎಂಬಿಪಿಎಸ್ ತೋರುತ್ತಿದ್ದ ವೇಗ ಮಹಡಿಯ ಕೋಣೆಯಲ್ಲಿ ಎಂದೂ ತೊಂಬತ್ತೈದನ್ನು ಮೀರುತ್ತಿರಲಿಲ್ಲ. ದೋಷವನ್ನು ಹೊರಗಿನವರ ಮೇಲೆ ಹೊರಿಸುತ್ತ ಎರಡು ತಿಂಗಳು ಕಳೆದ ಮೇಲೆ, ಕಪಾಟನ್ನು ಸರಿಸಿ ನೋಡಿದೆನು. ಎಂಟೆಳೆ ನಾಲ್ಕು ಜೋಡಿಯ ಕೇಬಲ್ಲು ಅಲ್ಲಿ ಸಾಲದೆ ಬಂದು, ನಡುವೆ ಹೊಸೆತವನ್ನು ಗೇಣುದ್ದ ಬಿಚ್ಚಿ ಗಂಟು ಹಾಕಿ ಕರಿಯ ಪಟ್ಟಿ ಸುತ್ತಿದ್ದರು. ಗೋಡೆಯ ತೇವಕ್ಕೆ ಎಳೆಗಳು ಹಸಿರು ಕಿಲುಬು ಹಿಡಿದಿದ್ದವು. ಕಂದುಬಣ್ಣದ ಎಳೆಯೊಂದು ಮುಟ್ಟಿದೊಡನೆ ಕಳಚಿ ಕೈಗೆ ಬಂತು. ಸಾವಿರದ ವೇಗಕ್ಕೆ ನಾಲ್ಕು ಜೋಡಿಯೂ ಬೇಕು, ನೂರಕ್ಕೆ ಎರಡೇ ಸಾಕು. ಒಂದು ಕಡಿದುದರಿಂದ ಯಂತ್ರಗಳು ತಮ್ಮೊಳಗೇ ನೂರಕ್ಕೆ ಒಪ್ಪಿ ನಡೆಯುತ್ತಿದ್ದವು.

ಗಂಟಿಲ್ಲದ ಹೊಸ ಕೇಬಲ್ಲನ್ನು ಒಂದೇ ಎಳೆತಕ್ಕೆ ಮಹಡಿಯವರೆಗೆ ಹಾಯಿಸಿದೆವು. ಅಂದು ಸಂಜೆಯೇ ಮೇಲೆಯೂ ಮುನ್ನೂರು ಬಂತು. ಅದೇ ಕೊಳವೆಯೊಳಗಿದ್ದ ನಮ್ಮ ತಂದೆಯವರ ಕಾಲದ ದೂರವಾಣಿಯ ಜೋಡಿಯನ್ನು ಕಿತ್ತೆಸೆಯಲು ಮನಸ್ಸು ಬಾರದೆ, ಸುರುಳಿ ಸುತ್ತಿ ಕಪಾಟಿನಲ್ಲಿ ಇಟ್ಟಿದ್ದೇನೆ.