‘ಸೆಕ್ಯುರಿಟಿ’ ಎಂದರೆ ಯಾರಿಗೆ ರಕ್ಷಣೆ? ಒಂದೇ ಪದ, ಹಲವು ಅರ್ಥ

ಅಪಾರ್ಟ್‌ಮೆಂಟ್ ಗೇಟಿನಲ್ಲಿ ನಿಂತವರು ‘ಸೆಕ್ಯುರಿಟಿ’. ಬಾಡಿಗೆ ಮನೆಗೆ ಮುಂಗಡವಾಗಿ ಕೊಡುವ ಹಣ ‘ಸೆಕ್ಯುರಿಟಿ ಡೆಪಾಸಿಟ್’. ಸಾಲಕ್ಕಾಗಿ ಬ್ಯಾಂಕಿನಲ್ಲಿಟ್ಟ ಮನೆಪತ್ರವೂ ‘ಸೆಕ್ಯುರಿಟಿ’, ಷೇರುಪೇಟೆಯಲ್ಲಿ ಕೊಳ್ಳುವುದು ‘ಸೆಕ್ಯುರಿಟೀಸ್’. ಕನ್ನಡದಲ್ಲಿ ಇವಕ್ಕೆ ಕಾವಲು, ಠೇವಣಿ, ಅಡಮಾನ, ಜಾಮೀನು ಎಂದು ಬೇರೆ ಬೇರೆ ಪದಗಳಿವೆ. ಎಲ್ಲಕ್ಕೂ ಒಂದೇ ಇಂಗ್ಲಿಷ್ ಪದ ಬಳಸುವಾಗ ಮುಖ್ಯ ಪ್ರಶ್ನೆಯೊಂದು ಮರೆತುಹೋಗುತ್ತದೆ. ಇಲ್ಲಿ ರಕ್ಷಣೆ ಸಿಗುತ್ತಿರುವುದು ಯಾರಿಗೆ?

ಈ ಪದದ ಮೂಲ ಲ್ಯಾಟಿನ್. ‘ಸೆ’ ಎಂದರೆ ಇಲ್ಲದೆ, ‘ಕೂರಾ’ ಎಂದರೆ ಚಿಂತೆ. ಅಂದರೆ ನಮ್ಮ ‘ನಿಶ್ಚಿಂತೆ’ಯೇ ಇದರ ಮೊದಲ ಅರ್ಥ. ಕನ್ನಡ ಪತ್ರಿಕೆಗಳು ಇದಕ್ಕೆ ‘ಭದ್ರತೆ’ ಎಂಬ ಪದ ಬಳಸುತ್ತವೆ. ‘ಭದ್ರವಾಗಿ ಹಿಡಿದುಕೋ’, ‘ಭದ್ರವಾಗಿ ಎತ್ತಿಡು’ ಎಂದು ಮನೆಯಲ್ಲಿ ಆಡುವ ಮಾತಿನ ಅರ್ಥವೇ ಅದಕ್ಕೂ ಇದೆ. ಆದರೆ ದೆಹಲಿಯಲ್ಲೋ ಮುಂಬೈಯಲ್ಲೋ ಇರುವ ಕನ್ನಡಿಗರು ಹಿಂದಿ ಮಾತಿನ ನಡುವೆ ‘ಭದ್ರ’ ಎಂದರೆ ಕೇಳಿದವರಿಗೆ ‘ಸಭ್ಯ’ ಎಂದು ಅರ್ಥವಾಗುತ್ತದೆ. ಅಲ್ಲಿ ಸೆಕ್ಯುರಿಟಿಗೆ ಬಳಸುವ ಪದ ‘ಸುರಕ್ಷಾ’. ಹಾಗಾಗಿ ನಮ್ಮ ‘ಗಡಿ ಭದ್ರತಾ ಪಡೆ’ ಹಿಂದಿಯಲ್ಲಿ ‘ಸೀಮಾ ಸುರಕ್ಷಾ ಬಲ’.

ಈ ವಿಷಯದಲ್ಲಿ ಕನ್ನಡಕ್ಕೊಂದು ಅನುಕೂಲವಿದೆ. ಇಂಗ್ಲಿಷಿನಲ್ಲಿ ‘ಸೇಫ್ಟಿ’ ಮತ್ತು ‘ಸೆಕ್ಯುರಿಟಿ’ ಬೇರೆ ಬೇರೆ. ಹಿಂದಿಯ ಸರ್ಕಾರಿ ಬಳಕೆಯಲ್ಲಿ ಎರಡೂ ಹೆಚ್ಚಾಗಿ ‘ಸುರಕ್ಷಾ’. 2006ರ ಒಂದು ಕಾಯ್ದೆ ಅಂಗಡಿಯ ತಿನಿಸು ಕಲಬೆರಕೆಯಾಗದಂತೆ ನೋಡಿಕೊಳ್ಳುತ್ತದೆ. 2013ರ ಇನ್ನೊಂದು ಕಾಯ್ದೆ ರೇಷನ್ ಕಾರ್ಡಿನ ಮೂಲಕ ಕಡಿಮೆ ಆದಾಯದ ಕುಟುಂಬಗಳಿಗೆ ಧಾನ್ಯ ಕೊಡಿಸುತ್ತದೆ. ಹಿಂದಿಯಲ್ಲಿ ಎರಡರ ಹೆಸರಿನಲ್ಲೂ ‘ಖಾದ್ಯ ಸುರಕ್ಷಾ’ ಇದೆ. ಕನ್ನಡದಲ್ಲಿ ಮೊದಲನೆಯದು ‘ಆಹಾರ ಸುರಕ್ಷತೆ’, ಎರಡನೆಯದು ‘ಆಹಾರ ಭದ್ರತೆ’. ತಿಂದದ್ದು ಕೆಡುಕು ಮಾಡಬಾರದು ಎಂಬುದು ಒಂದು, ತಿನ್ನಲು ಇರಲೇಬೇಕು ಎಂಬುದು ಇನ್ನೊಂದು.

ಹಣದ ವಿಷಯಕ್ಕೆ ಬಂದಾಗ ಈ ಪದವನ್ನು ಎಚ್ಚರದಿಂದ ಓದಬೇಕು. ‘ಸೆಕ್ಯುರಿಟಿ ಡೆಪಾಸಿಟ್’ ಕೊಡುವವರು ಬಾಡಿಗೆದಾರರು, ಅದರಿಂದ ನಿಶ್ಚಿಂತರಾಗುವವರು ಮನೆ ಮಾಲೀಕರು. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವ ರೂಢಿ ಹಳೆಯದು. ಕೇಂದ್ರ ಸರ್ಕಾರ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಯೇ ಮಿತಿ. ಆದರೆ ಅದು ಮಾದರಿ ಮಾತ್ರ, ರಾಜ್ಯ ಸರ್ಕಾರ ಅದನ್ನು ಅಳವಡಿಸಿಕೊಂಡರಷ್ಟೇ ಲಾಗೂ.

‘ಸೆಕ್ಯೂರ್ಡ್ ಲೋನ್’ ಇನ್ನೂ ಹೆಚ್ಚು ದಾರಿ ತಪ್ಪಿಸುತ್ತದೆ. ಹೆಸರು ಕೇಳಿದರೆ ಸಾಲಗಾರರಿಗೆ ಸುರಕ್ಷಿತ ಅನ್ನಿಸುತ್ತದೆ. ವಾಸ್ತವದಲ್ಲಿ ಅಲ್ಲಿ ಸುರಕ್ಷಿತವಾಗಿರುವುದು ಬ್ಯಾಂಕಿನ ಹಣ. ಬಡ್ಡಿ ದರ ಕಡಿಮೆ ಇರುವುದೂ ಅದಕ್ಕಾಗಿಯೇ. 2002ರ ‘ಸರ್ಫೇಸಿ’ ಕಾಯ್ದೆಯ ಉದ್ದನೆಯ ಹೆಸರಿನ ಕೊನೆಯಲ್ಲಿ ‘ಸೆಕ್ಯುರಿಟಿ ಇಂಟರೆಸ್ಟ್’ ಎಂಬ ಮಾತಿದೆ. ಇಲ್ಲಿ ಇಂಟರೆಸ್ಟ್ ಎಂದರೆ ಬಡ್ಡಿಯಲ್ಲ, ಅಡವಿಟ್ಟ ಆಸ್ತಿಯ ಮೇಲೆ ಸಾಲ ಕೊಟ್ಟವರಿಗಿರುವ ಹಕ್ಕು. ಕಂತು ನಿಂತು ಖಾತೆ ವಸೂಲಾಗದ ಸಾಲದ ಪಟ್ಟಿಗೆ ಸೇರಿದರೆ ಬ್ಯಾಂಕ್ 60 ದಿನಗಳ ನೋಟಿಸ್ ಕೊಡುತ್ತದೆ. ಅಷ್ಟರೊಳಗೆ ಬಾಕಿ ಕಟ್ಟದಿದ್ದರೆ ಸಿವಿಲ್ ದಾವೆ ಹೂಡದೆಯೇ ಆಸ್ತಿಯನ್ನು ಸ್ವಾಧೀನಕ್ಕೆ ತೆಗೆದುಕೊಂಡು ಹರಾಜು ಹಾಕಬಹುದು.

ಆದರೆ ಸಾಲಗಾರರು ಪೂರ್ತಿ ಕೈಕಟ್ಟಿ ಕೂರಬೇಕಿಲ್ಲ. ನೋಟಿಸಿಗೆ ಲಿಖಿತ ಆಕ್ಷೇಪಣೆ ಸಲ್ಲಿಸಬಹುದು, ಬ್ಯಾಂಕ್ ಅದಕ್ಕೆ 15 ದಿನಗಳಲ್ಲಿ ಉತ್ತರ ಕೊಡಬೇಕು. ಸ್ವಾಧೀನ ಕ್ರಮದ ವಿರುದ್ಧ 45 ದಿನಗಳೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಬಹುದು. ಕೃಷಿ ಭೂಮಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಊರಿನ ಹೊಲವನ್ನು ಅಡವಿಟ್ಟು ನಗರದಲ್ಲಿ ದುಡಿಯುತ್ತಿರುವವರು ಇದನ್ನು ತಿಳಿದಿರುವುದು ಒಳ್ಳೆಯದು.

ಆಸ್ತಿಯ ಬದಲು ಮನುಷ್ಯರೇ ಆಧಾರವಾಗಿ ನಿಂತರೆ ಅವರು ‘ಶೂರಿಟಿ’, ಕನ್ನಡದಲ್ಲಿ ಜಾಮೀನುದಾರರು. ಸೆಕ್ಯುರಿಟಿ ಮತ್ತು ಶೂರಿಟಿ ಒಂದೇ ಲ್ಯಾಟಿನ್ ಬೇರಿನಿಂದ ಬಂದ ಪದಗಳು. ಗೆಳೆಯನ ಸಾಲಕ್ಕೆ ‘ಬರೀ ಒಂದು ಸಹಿ’ ಹಾಕುವವರು 1872ರ ಕರಾರು ಕಾಯ್ದೆಯ 128ನೇ ಕಲಮನ್ನು ಗಮನಿಸಬೇಕು. ಕರಾರಿನಲ್ಲಿ ಬೇರೆ ರೀತಿ ಬರೆದಿಲ್ಲವಾದರೆ ಜಾಮೀನುದಾರರ ಹೊಣೆ ಸಾಲಗಾರರ ಹೊಣೆಯಷ್ಟೇ ದೊಡ್ಡದು. ಗೆಳೆಯನನ್ನು ಮೊದಲು ಹಿಡಿಯಿರಿ, ಆಮೇಲೆ ನನ್ನ ಬಳಿ ಬನ್ನಿ ಎಂಬ ಮಾತು ಅಲ್ಲಿ ಸಾಮಾನ್ಯವಾಗಿ ನಡೆಯುವುದಿಲ್ಲ.

ಷೇರುಪೇಟೆಯ ‘ಸೆಕ್ಯುರಿಟೀಸ್’ ಕಥೆ ತಮಾಷೆಯದು. ಸಾಲಕ್ಕೆ ಆಧಾರವಾದ ಪತ್ರ ಎಂಬ ಅರ್ಥದಲ್ಲಿದ್ದ ಪದ ಕ್ರಮೇಣ ಬಾಂಡ್, ಷೇರು ಎಲ್ಲವನ್ನೂ ಒಳಗೊಂಡಿತು. ಸೆಬಿಯ ಇಂಗ್ಲಿಷ್ ಹೆಸರಿನ ಮೊದಲ ಅಕ್ಷರವೂ ಇದೇ ಪದದ್ದು. ಸರ್ಕಾರಿ ಸಾಲಪತ್ರದ ಹಿಂದೆ ಸರ್ಕಾರದ ಖಾತರಿ ಇರುತ್ತದೆ, ಷೇರಿನ ಹಿಂದೆ ಯಾರ ಖಾತರಿಯೂ ಇಲ್ಲ. ಕಂಪನಿ ದಿವಾಳಿಯಾದರೆ ಆಸ್ತಿ ಹಂಚಿಕೆಯ ಸರದಿಯಲ್ಲಿ ಸಾಮಾನ್ಯ ಷೇರುದಾರರು ಕಟ್ಟಕಡೆಯವರು. ಹೆಸರಿನಲ್ಲಿ ಭದ್ರತೆ ಇದ್ದರೂ ಕೈಯಲ್ಲಿ ಇರಬೇಕೆಂದಿಲ್ಲ.

ಚುನಾವಣೆ ಸುದ್ದಿಯಲ್ಲಿ ‘ಠೇವಣಿ ಕಳೆದುಕೊಂಡರು’ ಎಂದು ಓದುವುದೂ ಇದೇ ಸೆಕ್ಯುರಿಟಿ ಡೆಪಾಸಿಟ್. ಲೋಕಸಭೆಗೆ 25,000 ರೂಪಾಯಿ, ವಿಧಾನಸಭೆಗೆ 10,000, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಇದರ ಅರ್ಧ. ಚಲಾವಣೆಯಾದ ಸಿಂಧು ಮತಗಳಲ್ಲಿ ಆರನೇ ಒಂದಕ್ಕಿಂತ ಹೆಚ್ಚು ಪಡೆಯದೆ ಸೋತವರ ಹಣ ಸರ್ಕಾರಕ್ಕೆ ಸೇರುತ್ತದೆ.

ಇನ್ನು ಗೇಟಿನಲ್ಲಿರುವವರು. ಮುಂಬೈಯಲ್ಲಿ ಇಂದಿಗೂ ‘ವಾಚ್‌ಮನ್’ ಎಂಬ ಕರೆ ಕೇಳಿಸುತ್ತದೆ, ಬೆಂಗಳೂರಿನಲ್ಲಿ ‘ಸೆಕ್ಯುರಿಟಿ’ ಎಂದರೆ ಮನುಷ್ಯನೇ. ಖಾಸಗಿ ಭದ್ರತಾ ಏಜೆನ್ಸಿಗಳಿಗೆ 2005ರ ಕಾಯ್ದೆಯ ಪ್ರಕಾರ ಪರವಾನಗಿ ಬೇಕು, ಕಾವಲುಗಾರರಿಗೆ ತರಬೇತಿ ಕೊಡಿಸಬೇಕು. ಮೈಮೇಲೆ ಸಮವಸ್ತ್ರ ಇದ್ದರೂ ಅವರಿಗೆ ಪೊಲೀಸರ ಅಧಿಕಾರ ಇಲ್ಲ. ಸಾಮಾಜಿಕ ಭದ್ರತೆ, ಅಂದರೆ ‘ಸೋಷಿಯಲ್ ಸೆಕ್ಯುರಿಟಿ’ ಎಂಬ ಮಾತು ಮಾತ್ರ ನೇರವಾಗಿ ಅವರ ಬದುಕಿಗೇ ಸೇರಿದ್ದು. ಭವಿಷ್ಯ ನಿಧಿ, ಇಎಸ್‌ಐ ಅದರೊಳಗೇ ಬರುತ್ತವೆ. ಅರ್ಹರಾದ ಕಾವಲುಗಾರರ ಪಾಲಿನ ಆ ಹಣವನ್ನು ಏಜೆನ್ಸಿ ಪ್ರತಿ ತಿಂಗಳು ಕಟ್ಟಬೇಕು. ಅದು ಕಟ್ಟದಿದ್ದರೆ ಆ ಬಾಕಿಯ ಹೊಣೆ ಕೆಲಸ ಮಾಡಿಸಿಕೊಂಡ ಸಂಸ್ಥೆಯ ಮೇಲೂ ಬರಬಹುದು.